ಮಂಡಿಗೆ ಹೇಳಿದ ಹೌದು

ಸದನದಿಂದ ಊರಿಗೆ ಮರಳಿದಂದಿನಿಂದ ಅವನು ಹೌದು ಎನ್ನುವುದನ್ನು ಬಿಟ್ಟಿದ್ದ. ಪಣ ತೊಟ್ಟು ಬಿಟ್ಟದ್ದಲ್ಲ. ಆ ಮಾತು ನಾಲಿಗೆಯ ತುದಿಗೆ ಬರುತ್ತಿದ್ದಂತೆಯೇ ಯಾರೋ ಹಿಂದಿನಿಂದ ಅಂಗಿ ಜಗ್ಗಿದಂತಾಗಿ, ಅದರ ಬದಲು ಹೂಂ ಎಂದೋ, ಆಗಲಿ ಎಂದೋ, ನೋಡೋಣ ಎಂದೋ ಹೊರಗೆ ಬೀಳುತ್ತಿತ್ತು. ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತು, "ಇವತ್ತೇ ಅಲ್ವಾ ಆಸ್ಪತ್ರೆ ಮುಂದೆ ಸಭೆ?" ಎಂದು ಕೇಳಿದಳು. ಅವನು ಕನ್ನಡಿಯೊಳಗಿನಿಂದಲೇ ತಲೆಯಾಡಿಸಿದ. "ಬಾಯಿಬಿಟ್ಟು ಹೇಳಿದ್ರೆ ಮುತ್ತು ಉದುರತ್ತಾ? ಹೌದೋ, ಅಲ್ವೋ?" "ಹೂಂ." "ಹೂಂ ಅಂತೆ. ಶಾಸಕರಾದ್ಮೇಲೆ ಮಾತೂ ತುಟ್ಟಿಯಾಗೋಯ್ತು ನಿಮ್ಗೆ," ಎಂದು ಗೊಣಗಿಕೊಂಡು ಅವಳು ಅಂಗಡಿಯ ಬೀಗದ ಕೈ ಹುಡುಕಲು ಹೋದಳು. ಅರ್ಧ ಕೆನ್ನೆಗೆ ನೊರೆ ಮೆತ್ತಿಕೊಂಡು ನಿಂತಿದ್ದ ಮುಖವನ್ನು ಅವನು ದಿಟ್ಟಿಸಿದ. ಕಳ್ಳನ ಮುಖವೇನೂ ಅಲ್ಲ. ಅದೇ ಅವನನ್ನು ಹೆಚ್ಚು ಕಂಗೆಡಿಸಿತು. ಏನೂ ಆಗದವನಂತೆ ಮೂಗು, ಬಾಯಿ, ಕಣ್ಣು ಎಲ್ಲ ತಂತಮ್ಮ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಸಭೆಗೆ ಮೊದಲು ಅಕ್ಕನನ್ನು ಒಬ್ಬಳನ್ನೇ ಕಂಡು ಇದ್ದದ್ದನ್ನು ಇದ್ದಹಾಗೆ ಹೇಳಿಬಿಡಬೇಕು, ಇವತ್ತಿಗೆ ಅದೊಂದೇ ಕೆಲಸ, ಉಳಿದದ್ದೆಲ್ಲ ಹಾಳಾಗಿಹೋಗಲಿ ಎಂದುಕೊಂಡ. ನಿನ್ನೆಯೂ ಹಾಗೆಯೇ ಅಂದುಕೊಂಡಿದ್ದ. ಮೊನ್ನೆಯೂ.

ಸದನದಲ್ಲಿ ನಡೆದದ್ದು, ಹೇಳಹೊರಟರೆ, ನಗೆಪಾಟಲಿನ ಸಂಗತಿ. ಊರಿನ ಹೆರಿಗೆ ಆಸ್ಪತ್ರೆಯನ್ನು ದೂರದ ದೊಡ್ಡಾಸ್ಪತ್ರೆಯೊಂದಿಗೆ ವಿಲೀನ ಮಾಡುವ ಮಸೂದೆ ಅದು. ವಿಲೀನವೆಂಬ ಮಾತು ಕೇಳುವುದಕ್ಕೆ ಹಾಲಿಗೆ ಸಕ್ಕರೆ ಬೆರೆಸಿದಂತಿದ್ದರೂ ಅದರ ಅರ್ಥ ಬೀಗ ಎಂದಷ್ಟೇ. ನೋವು ಬಂದ ಹೆಂಗಸು ಎರಡು ಬಸ್ಸು ಬದಲಿಸಬೇಕು, ಇಲ್ಲವೇ ದಾರಿಯಲ್ಲೇ ಹೆರಬೇಕು. ಚುನಾವಣೆಯಲ್ಲಿ ಅವನು ಗೆದ್ದದ್ದೇ ಈ ಆಸ್ಪತ್ರೆಯ ಹೆಸರಿನಲ್ಲಿ. ಬೀದಿ ಬೀದಿಯಲ್ಲಿ ನಿಂತು, ನಾನು ಹುಟ್ಟಿದ ಕೋಣೆಗೆ ಬೀಗ ಹಾಕಲು ಬಿಡುವುದಿಲ್ಲ ಎಂದು ಗಂಟಲು ಹರಿದುಕೊಂಡಿದ್ದ. ಆದರೆ ಮಸೂದೆ ತಂದದ್ದು ಅವನದೇ ಪಕ್ಷ. ಒಬ್ಬೊಬ್ಬರ ಹೆಸರು ಬರೆದುಕೊಂಡು ಮತ ಎಣಿಸಿದರೆ, ಪಕ್ಷದ ಮಾತು ಮೀರಿದವನ ಕುರ್ಚಿ ಹೋಗುತ್ತದೆ. ಧ್ವನಿಮತವಾದರೆ ಹಾಗಲ್ಲ. ಸಭಾಧ್ಯಕ್ಷರು ಪರವಾಗಿರುವವರು ಹೌದು ಎನ್ನಿ ಎನ್ನುತ್ತಾರೆ, ಒಂದು ಹಿಂಡು ಹೌದು ಎನ್ನುತ್ತದೆ. ವಿರುದ್ಧವಾಗಿರುವವರು ಇಲ್ಲ ಎನ್ನಿ ಎನ್ನುತ್ತಾರೆ, ಇನ್ನೊಂದು ಹಿಂಡು ಇಲ್ಲ ಎನ್ನುತ್ತದೆ. ಯಾರ ಬಾಯಿಂದ ಏನು ಬಂತೆಂಬುದು ಗಾಳಿಗಷ್ಟೇ ಗೊತ್ತು. ಆ ದಿನ ಎದುರು ಪಕ್ಷದವರು ಬೇರೆ ಯಾವುದೋ ಸಿಟ್ಟಿಗೆ ಎದ್ದು ಹೊರಗೆ ಹೋಗಿದ್ದರು. ಧ್ವನಿಮತವೇ ಎಂದು ಖಾತ್ರಿಯಾದಾಗ ಅವನಿಗೆ ಒಳಗೊಳಗೇ ಖುಷಿಯಾಗಿತ್ತು. ಕೂಗಿಬಿಡುತ್ತೇನೆ, ಪುಕ್ಕಟೆಯಾಗಿ ಸಿಕ್ಕ ಧೈರ್ಯ, ಬಿಟ್ಟವನು ಹೆಡ್ಡ ಎಂದುಕೊಂಡು ಗಂಟಲು ಸರಿಮಾಡಿಕೊಂಡು ಕೂತಿದ್ದ. ಅಷ್ಟರಲ್ಲಿ ಪಕ್ಕದ ಕುರ್ಚಿಯ ಹಿರಿಯರು, ಸದಾ ಮಂಡಿ ಸವರಿಕೊಳ್ಳುತ್ತ ಕೂರುವವರು, ಅವನತ್ತ ಬಾಗಿ, "ನಿಮ್ಗೂ ಮಂಡಿ ಹಿಡ್ಕೊಳ್ಳತ್ತಾ, ಇಲ್ಲಿ ಕೂತೂ ಕೂತೂ?" ಎಂದರು. "ಹೌದು," ಎಂದ ಅವನು, ತುಸು ಗಟ್ಟಿಯಾಗಿಯೇ, ಹಿರಿಯರಿಗೆ ಕಿವಿ ಮಂದವಾದ್ದರಿಂದ. ಅದೇ ಗಳಿಗೆಗೆ ಸುತ್ತ ಎಲ್ಲರೂ ಹೌದು ಎಂದರು. ಅವನ ಮಂಡಿಯ ಹೌದು ಅವರ ಮಸೂದೆಯ ಹೌದಿನೊಳಗೆ ಬೆರೆತುಹೋಯಿತು. ಅದನ್ನೇ ವಿಲೀನ ಎನ್ನಬೇಕು.

ಅಷ್ಟೇ ಆಗಿದ್ದರೆ ಅವನು ತನ್ನನ್ನು ತಾನೇ ಮನ್ನಿಸಿಕೊಳ್ಳುತ್ತಿದ್ದನೇನೋ. ವಿರುದ್ಧವಾಗಿರುವವರು ಇಲ್ಲ ಎನ್ನಿ ಎಂದು ಸಭಾಧ್ಯಕ್ಷರು ತಲೆ ಎತ್ತದೆ ಓದಿದಾಗ ಅವನು ಬಾಯಿ ತೆರೆದದ್ದು ನಿಜ. ತೆರೆದ ಬಾಯಿಗೆ ಸದನದ ಮೌನ ಹೊಕ್ಕಿತು. ಇಡೀ ಸಭೆ ಒಂದು ಉಸಿರಿನಷ್ಟು ಹೊತ್ತು ಅವನೊಬ್ಬನಿಗಾಗಿಯೇ ಕಾದಂತಿತ್ತು. ಈಗಷ್ಟೇ ಹೌದು ಎಂದವನು ಈಗ ಇಲ್ಲ ಎಂದರೆ ಪಕ್ಕದವರು ಏನೆಂದುಕೊಂಡಾರು ಎಂಬ ಯೋಚನೆ, ಎಂಥ ಅಸಹ್ಯದ ಯೋಚನೆ, ಆಗ ಅವನಿಗೆ ಬಂದಿತ್ತು. ಮಂಡಿನೋವಿನ ಮುದುಕನ ಮುಂದೆ ಪೆದ್ದನಾಗಬಾರದೆಂದು ಅವನು ಬಾಯಿ ಮುಚ್ಚಿದ. ಆಗ ಹಿಂದಿನ ಸಾಲಿನಿಂದೆಲ್ಲೋ ಒಂದೇ ಒಂದು ದನಿ, ಒಡೆದ, ಗಟ್ಟಿಯಾದ ದನಿ, "ಇಲ್ಲ!" ಎಂದಿತು. ಕೆಲವರು ಕತ್ತು ಹೊರಳಿಸಿದರು. ಹೌದು ಎನ್ನುವವರದೇ ಬಹುಮತ ಎಂದು ಸಭಾಧ್ಯಕ್ಷರು ಹಾಳೆ ಮಗುಚಿದರು.

ಆ ಒಂಟಿ ಇಲ್ಲವನ್ನು ಊರೆಲ್ಲ ಟೀವಿಯಲ್ಲಿ ಕೇಳಿತ್ತು. ಪರದೆಯ ಮೇಲೆ ಇದ್ದದ್ದು ಸಭಾಧ್ಯಕ್ಷರ ಮುಖ ಮಾತ್ರ, ದನಿಗೆ ಮುಖವಿರಲಿಲ್ಲ. ಹೆರಿಗೆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ಬಸುರಿಯರು, ಅವರ ಅತ್ತೆಯರು, ಆಯಾಗಳು, ಡ್ಯೂಟಿ ಮುಗಿದರೂ ಮನೆಗೆ ಹೋಗದ ನರ್ಸುಗಳು ಎಲ್ಲ ಟೀವಿಯ ಕೆಳಗೆ ಕತ್ತೆತ್ತಿ ನಿಂತಿದ್ದಾಗ, ವಾರ್ಡಿನ ದೊಡ್ಡ ನರ್ಸು, ಅಂದರೆ ಅವನ ಅಕ್ಕ, ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಕೆಳಗೆ ಹಾಕಿ, "ನಮ್ಮ ಮೂಗಪ್ಪಂದೇ ಅದು! ನಮ್ಮ ಮೂಗಪ್ಪನ ದನಿ!" ಎಂದು ಕೂಗಿದಳಂತೆ. ಯಾರೋ ಅನುಮಾನಪಟ್ಟದ್ದಕ್ಕೆ, "ಎತ್ತಿ ಆಡಿಸಿದೋಳು ನಾನು. ಅವನ ದನಿ ನಂಗೆ ಗೊತ್ತಿಲ್ದೆ ನಿಮ್ಗೆ ಗೊತ್ತಿರತ್ತಾ?" ಎಂದು ಅವರ ಬಾಯಿ ಮುಚ್ಚಿಸಿದಳಂತೆ. ಅವಳು ಹೇಳಿದ ಮೇಲೆ ಮುಗಿಯಿತು. ಆ ಊರಿನ ಅರ್ಧ ಜನರನ್ನು ಭೂಮಿಗೆ ಇಳಿಸಿಕೊಂಡವಳ ಮಾತು; ಅದಕ್ಕೆ ಮೇಲ್ಮನವಿ ಇರಲಿಲ್ಲ. ಅವನು ಊರಿನ ಬಸ್ಸಿಳಿಯುವ ಹೊತ್ತಿಗೆ ಸುದ್ದಿಗೆ ರೆಕ್ಕೆ ಬಂದಿತ್ತು. ಕುರ್ಚಿ ಹೋದರೂ ಪರವಾಗಿಲ್ಲವೆಂದು ಎದ್ದುನಿಂತು ಕೂಗಿದನಂತೆ, ಮೈಕು ಕಿತ್ತುಕೊಂಡರಂತೆ, ಕಣ್ಣಲ್ಲಿ ನೀರಿತ್ತಂತೆ. ಮೊದಲ ದಿನ ಅವನು, "ಅಯ್ಯೋ, ಹಾಗೇನಿಲ್ಲ," ಎಂದ. ಅದನ್ನು ವಿನಯವೆಂದು ತಿಳಿದು ಜನ ಇನ್ನಷ್ಟು ಹಿಗ್ಗಿದರು. ಎರಡನೆಯ ದಿನ ಸುಮ್ಮನೆ ನಕ್ಕ. ಮೂರನೆಯ ದಿನ ಯಾರೋ ಕೈಕುಲುಕಿದಾಗ, ಕೈ ತನಗೆ ತಾನೇ, ಹಕ್ಕಿನಿಂದೆಂಬಂತೆ, ಅವರ ಕೈಯನ್ನು ಒಂದಿಷ್ಟು ಹೆಚ್ಚೇ ಹೊತ್ತು ಹಿಡಿದುಕೊಂಡಿತು.

ಮೂಗಪ್ಪ ಎಂಬುದು ಅಕ್ಕ ಇಟ್ಟ ಹೆಸರು. ನಾಲ್ಕು ತುಂಬುವವರೆಗೂ ಅವನಿಗೆ ಮಾತು ಬಂದಿರಲಿಲ್ಲ. ಅಷ್ಟು ದಿನವೂ ಅವನ ಪರವಾಗಿ ಮಾತಾಡಿದವಳು ಅವಳೇ. ಇವನಿಗೆ ನೀರು ಬೇಕಂತೆ. ಇವನಿಗೆ ಆ ಅಂಗಿ ಚುಚ್ಚತ್ತಂತೆ. ಇವನಿಗೆ ಮಾವನ ಮನೆಗೆ ಬರೋಕೆ ಇಷ್ಟ ಇಲ್ವಂತೆ. ಅವನ ಮುಖ ನೋಡುವಳು, ಅಂತೆ ಹಚ್ಚಿ ಹೇಳುವಳು. ಎಲ್ಲವೂ ಸರಿಯಿರುತ್ತಿತ್ತೆಂದೇನಿಲ್ಲ. ಒಮ್ಮೆ ಅವನಿಗೆ ಹಸಿವಾಗಿದ್ದಾಗ ನಿದ್ದೆಯಂತೆ ಎಂದು ಮಲಗಿಸಿಬಿಟ್ಟಿದ್ದಳು. ಅವನು ಹಸಿವಿನಲ್ಲೇ ನಿದ್ದೆ ಮಾಡಿದ್ದ, ಅವಳ ಮಾತು ಸುಳ್ಳಾಗಬಾರದೆಂದೋ ಏನೋ. ಆ ನೆನಪು ನಿಜವಾಗಿ ಅವನದೋ ಅಥವಾ ಅವಳು ಹೇಳಿ ಹೇಳಿ ಅವನದಾಯಿತೋ ಗೊತ್ತಿಲ್ಲ. ಈಗಲೂ ಅದೇ ಆಗುತ್ತಿದೆ ಅನ್ನಿಸಿತು. ಅವಳು ಅವನ ಮುಖ ನೋಡಿ ಇಲ್ಲ ಅಂದನಂತೆ ಎಂದಿದ್ದಾಳೆ; ಅವನು ಸುಮ್ಮನೆ ಮಲಗಿದ್ದಾನೆ. ಆದರೆ ಈಗ ಅವನಿಗೆ ಐವತ್ತು ದಾಟಿದೆ, ತಲೆ ನರೆತಿದೆ, ಮಾತಾಡುವುದೇ ಹೊಟ್ಟೆಪಾಡಾಗಿದೆ.

ಆ ಇಲ್ಲ ಯಾರದೆಂದು ಅವನು ಹುಡುಕದೆ ಇರಲಿಲ್ಲ. ಅಧಿವೇಶನ ಮುಗಿದ ಸಂಜೆ, ಕೋಟು ತೂಗುಹಾಕುವ ಕೋಣೆಯಲ್ಲಿ, ಹಿಂದಿನ ಸಾಲಿನ ಒಬ್ಬ ಸದಸ್ಯರನ್ನು ಹಿಡಿದು, "ನೀವೇ ಅಲ್ವಾ ಇಲ್ಲ ಅಂದದ್ದು?" ಎಂದು ಕೇಳಿದ್ದ. ಆ ಮನುಷ್ಯನ ಕಾಲಿಗೆ ಬೀಳುವಷ್ಟು ಗೌರವ ಆಗ ಅವನ ಎದೆಯಲ್ಲಿತ್ತು. ಅವರು ಕಕ್ಕಾಬಿಕ್ಕಿಯಾಗಿ, "ಯಾವ ಇಲ್ಲ ಮಾರಾಯ್ರೆ?" ಎಂದರು, ಸ್ವಲ್ಪ ಯೋಚಿಸಿ, "ಓ, ಅದಾ! ಪಕ್ಕದೋನು ಪೆನ್ನಿದ್ಯಾ ಪೆನ್ನಿದ್ಯಾ ಅಂತ ತಿವಿದೂ ತಿವಿದೂ ಪ್ರಾಣ ತಿಂತಿದ್ದ. ಇಲ್ಲ ಅಂದೆ. ಜೋರಾಯ್ತಾ?" ಎಂದು ನಕ್ಕರು. ಅವನೂ ನಕ್ಕ. ಕೋಟಿನ ತೋಳಿಗೆ ಕೈ ತೂರಿಸುತ್ತ ಇಬ್ಬರೂ ಸಾಕಷ್ಟು ಹೊತ್ತು ನಕ್ಕರು. ಮಸೂದೆಗೆ ಹೌದು ಎಂದ ಎಷ್ಟು ಮಂದಿಯದು ನಿಜವಾದ ಹೌದು, ಎಷ್ಟು ಮಂದಿಯದು ಮಂಡಿಗೆ, ಚಹಾಕ್ಕೆ, ಮಗಳ ಮದುವೆ ಗೊತ್ತಾಯಿತೇ ಎಂದದ್ದಕ್ಕೆ ಎಂದು ಯೋಚಿಸುತ್ತ ಅವನು ಮೆಟ್ಟಿಲಿಳಿದಿದ್ದ. ಈ ಯೋಚನೆಯಲ್ಲೂ ಒಂದು ಸುಖವಿತ್ತು. ಎಲ್ಲರೂ ಹಾಗೆಯೇ ಎಂದುಕೊಳ್ಳುವ ಸುಖ. ಆ ಸುಖ ಕಂಡೇ ಅವನಿಗೆ ತನ್ನ ಬಗ್ಗೆ ಹೇಸಿಗೆ ಶುರುವಾಗಿದ್ದು.

ಆಸ್ಪತ್ರೆಗೆ ನಡೆದೇ ಹೊರಟ. ದಾರಿಯಲ್ಲಿ ತನ್ನದೇ ಕನ್ನಡಕದ ಅಂಗಡಿ. ಅವನು ಶಾಸಕನಾದ ಮೇಲೆ ಹೆಂಡತಿ ನಡೆಸುವುದು. ಗಾಜಿನಾಚೆ ಅವಳು ಒಬ್ಬ ಮುದುಕಿಯ ಮೂಗಿನ ಮೇಲೆ ಮಸೂರ ಬದಲಿಸುತ್ತ, ಈಗ ಕಾಣತ್ತಾ, ಇದ್ರಲ್ಲಿ ಕಾಣತ್ತಾ ಎಂದು ಕೇಳುತ್ತಿದ್ದಳು. ಅವನಿಗೆ ಆ ಕೆಲಸದ ಗುಟ್ಟು ಗೊತ್ತು. ಅರ್ಧ ಜನ ಕಾಣದಿದ್ದರೂ ಹೌದು ಎನ್ನುತ್ತಾರೆ. ಎಷ್ಟು ಸಲ ಇಲ್ಲ ಎನ್ನುವುದು, ಪಾಪ, ಇವರಿಗೂ ಬೇಸರ, ನಮ್ಮ ಕಣ್ಣೇ ಸರಿಯಿಲ್ಲವೇನೋ ಎಂಬ ಸಂಕೋಚ. ಹೌದು ಎಂದು ಹೇಳಿ ತಪ್ಪು ಕನ್ನಡಕ ಹಾಕಿಕೊಂಡು ಹೋಗಿ ತಿಂಗಳುಗಟ್ಟಲೆ ತಲೆನೋವು ತಿನ್ನುತ್ತಾರೆ. ಅಂಥವರನ್ನು ಅವನು ಅಂಗಡಿಯಲ್ಲಿ ಎಷ್ಟು ಬೈದಿಲ್ಲ. ಅಷ್ಟರಲ್ಲಿ ಜೇಬಿನ ಫೋನು ಗುರುಗುಟ್ಟಿತು. ಸದಸ್ಯರನ್ನೆಲ್ಲ ಸಾಲಿನಲ್ಲಿ ನಿಲ್ಲಿಸುವ ಪಕ್ಷದ ಮುಖ್ಯ ಸಚೇತಕರು. "ಏನ್ರೀ, ಊರಲ್ಲಿ ಭಾರೀ ಹೀರೋ ಆಗ್ಬಿಟ್ಟಿದ್ದೀರಂತೆ?" ಅವನು ತೊದಲಿದ. "ಸರ್, ಅದು ನಾನಲ್ಲ, ಜನ ಸುಮ್ನೆ..." "ನೀವಲ್ಲ ಅಂತ ನಂಗೊತ್ತಿಲ್ವಾ? ನೀವು ಹೌದು ಅಂದದ್ದು ನನ್ನ ಕಿವಿಯಾರೆ ಕೇಳಿದ್ದೀನಿ. ಚೆನ್ನಾಗಿ ಗಟ್ಟಿಯಾಗೇ ಅಂದ್ರಿ. ಅಲ್ಲಿ ಹೌದು, ಊರಲ್ಲಿ ಇಲ್ಲ. ಹಾಗೇ ಇರ್ಲಿ ಬಿಡಿ, ನಮ್ಗೂ ಒಳ್ಳೇದು, ನಿಮ್ಗೂ ಒಳ್ಳೇದು. ಮುಂದಿನ ಸಲ ಗೆಲ್ಬೇಕಲ್ಲಪ್ಪ!" "ಸರಿ ಸರ್," ಎಂದ ಅವನು. ಥ್ಯಾಂಕ್ಸ್ ಸರ್ ಎಂದೂ ಸೇರಿಸಿದ. ಫೋನು ಇಟ್ಟ ಮೇಲೆ, ಯಾಕೆ ಥ್ಯಾಂಕ್ಸ್ ಎಂದೆ ಎಂದು ಬೀದಿಯ ನಡುವೆ ನಿಂತುಬಿಟ್ಟ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ, ಗುರುತು ಹಿಡಿದು, "ಸೂಪರ್ ಸಾರ್!" ಎಂದು ಹೆಬ್ಬೆರಳೆತ್ತಿ ಹೋದ.

ಅಕ್ಕ ಬಟ್ಟೆಕೋಣೆಯಲ್ಲಿದ್ದಳು. ಛಾವಣಿಯವರೆಗೂ ಕಪಾಟು, ಕಪಾಟಿನ ತುಂಬ ಒಗೆದು ಮಡಿಸಿದ ಹಾಸು ಹೊದಿಕೆ, ಸೋಪಿನ ಮತ್ತು ಬಿಸಿ ಇಸ್ತ್ರಿಯ ವಾಸನೆ. ಎಳೆಗೂಸುಗಳನ್ನು ಸುತ್ತುವ ಮೆತ್ತನೆಯ ತುಂಡುಗಳನ್ನು ಅವಳು ಒಂದರ ಮೇಲೊಂದು ಇಡುತ್ತಿದ್ದಳು. "ಬಂದ್ಯೇನೋ ಮೂಗಪ್ಪ? ತಿಂಡಿ ಆಯ್ತಾ? ಮುಖ ಯಾಕೋ ಬಾಡಿದೆ?" ಎಂದಳು ತಿರುಗದೆಯೇ, ಅವನ ನಡಿಗೆಯ ಸದ್ದಿನಲ್ಲೇ ಮುಖ ಕಾಣುತ್ತಿತ್ತೇನೋ ಅವಳಿಗೆ. "ನೋಡು, ನಿನ್ನೆ ಮೇಲಿನ ಆಫೀಸಿಂದ ಒಬ್ಬ ಬಂದಿದ್ದ. ಮಂಚ, ಹಾಸಿಗೆ, ತೂಕದ ತಕ್ಕಡಿ ಎಲ್ಲ ಲಾರಿಗೆ ಹಾಕ್ಬೇಕಂತೆ. ವಾರ್ಡಿನ ಬೀಗದ ಕೈ ಕೊಡಿ ಅಂದ. ಕೊಡಲ್ಲ ಅಂದೆ. ಈ ಕ್ಷೇತ್ರದ ಪ್ರತಿನಿಧಿ ಸದನದಲ್ಲೇ ಇಲ್ಲ ಅಂದಿದ್ದಾನೆ, ಅಂದ್ರೆ ಈ ಕ್ಷೇತ್ರ ಇಲ್ಲ ಅಂದಿದೆ ಅಂತ ಅರ್ಥ, ನೀನು ಯಾರಯ್ಯ ಕೇಳೋಕೆ ಅಂದೆ. ಕೆಲಸ ಹೋಗತ್ತೆ ನೋಡಿ ಅಂದ. ಹೋಗ್ಲಿ ಅಂದೆ." ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬೀಗದ ಕೈಗೊಂಚಲನ್ನು ತಟ್ಟಿ ತೋರಿಸಿದಳು. "ಉಳಿದ ಹುಡುಗೀರು ಹೆದರಿದ್ರು. ನಾನು ಹೇಳ್ದೆ, ನನ್ನ ತಮ್ಮ ಅಷ್ಟು ಜನರ ಮಧ್ಯೆ ಒಬ್ನೇ ಕೂಗಿದ್ದಾನೆ, ನಾವು ಇಷ್ಟು ಜನ ಇದ್ದು ಹೆದರೋದಾ ಅಂತ. ಎಲ್ರೂ ನಿಂತ್ರು."

ಇದುವರೆಗೆ ಅವನು ಅದನ್ನು ಬರಿಯ ಮಾನದ ಪ್ರಶ್ನೆಯೆಂದುಕೊಂಡಿದ್ದ. ಈಗ ನೋಡಿದರೆ ಅವನು ಆಡದ ಒಂದು ಮಾತಿನ ಮೇಲೆ ಈ ಹೆಂಗಸು ತನ್ನ ಕೆಲಸವನ್ನೂ ತನ್ನ ಕೈಕೆಳಗಿನವರ ಕೆಲಸವನ್ನೂ ಇಟ್ಟು ಕೂತಿದ್ದಾಳೆ. "ಅಕ್ಕ," ಎಂದ. "ಅವತ್ತು ಸದನದಲ್ಲಿ ಏನಾಯ್ತು ಅಂದ್ರೆ..." ಅವಳು ಕೈಯಲ್ಲಿದ್ದ ತುಂಡನ್ನು ಬಿಟ್ಟು ಬಂದು ಅವನ ಅಂಗಿಯ ಕಾಲರು ಸರಿಪಡಿಸಿದಳು. "ಗೊತ್ತು ಕಣೋ. ಪಾರ್ಟಿಯೋರು ಹೆದರಿಸ್ತಿದ್ದಾರೆ, ಅಲ್ವಾ? ನಿನ್ನ ಮುಖ ನೋಡಿದ್ರೇ ಗೊತ್ತಾಗತ್ತೆ. ನಿದ್ದೆ ಮಾಡಿಲ್ಲ ನೀನು." ಅಲ್ಲ ಅಕ್ಕ ಎನ್ನಬೇಕು. ಎರಡೇ ಶಬ್ದ. ಅವಳ ಬೆರಳು ಕತ್ತಿಗೆ ತಾಗುತ್ತಿತ್ತು, ಸೋಪು ನೀರಿನಲ್ಲಿ ಒರಟಾದ ಬೆರಳು. ಸದನದಲ್ಲಿ ತೆರೆದಂತೆಯೇ ಬಾಯಿ ತೆರೆದ. ಆಗ ಓಣಿಯ ಆ ತುದಿಯ ಹೆರಿಗೆ ಕೋಣೆಯಿಂದ ಒಬ್ಬಳು ಕೂಗಿಕೊಂಡಳು, ಆಯಾ ಓಡಿಬಂದು ಬಾಗಿಲಲ್ಲಿ ನಿಂತಳು. ಅಕ್ಕ ಅವನಿಗೆ, "ನೀನು ಮೆಟ್ಟಿಲ ಹತ್ರ ಇರು, ಇದೊಂದು ಮುಗಿಸಿ ಬಂದೆ," ಎಂದು ಹೊರಟೇಹೋದಳು. ಅವನಿಗೆ ಹಗುರವಾಯಿತು. ನಾಚಿಕೆಗೆಟ್ಟ ಹಗುರ. ಯಾರದೋ ಹೆರಿಗೆ ನೋವಿಗೆ ಅವನು ಮನಸ್ಸಿನಲ್ಲೇ ವಂದಿಸಿದ.

ಮೆಟ್ಟಿಲ ಕೆಳಗೆ ಜನ ಸೇರಿದ್ದರು. ಹೆಚ್ಚಿನವರು ಹೆಂಗಸರು, ಕೆಲವರ ಸೊಂಟದಲ್ಲಿ ಇದೇ ಕಟ್ಟಡದಲ್ಲಿ ಹುಟ್ಟಿದ ಕೂಸು. ಮೈಕಿನವನು ಹಲೋ ಹಲೋ ಎನ್ನುತ್ತಿದ್ದ. ಕಂಬಕ್ಕೆ ಒರಗಿ ನಿಂತಿದ್ದಾಗ, ಅಕ್ಕನೊಬ್ಬಳಿಗೇ ಯಾಕೆ, ಎಲ್ಲರಿಗೂ ಹೇಳಿಬಿಡುತ್ತೇನೆ ಎಂಬ ಯೋಚನೆ ಅವನಿಗೆ ಬಂತು. ಸುತ್ತಿಬಳಸುವುದು ಬೇಡ. ಆ ದನಿ ನನ್ನದಲ್ಲ. ಇಷ್ಟೇ. ಮೂರು ಶಬ್ದದ ಸತ್ಯ. ಮನಸ್ಸಿನಲ್ಲಿ ಹೇಳಿ ನೋಡಿದ. ಚೆನ್ನಾಗಿತ್ತು, ಎದೆ ಹಗುರಾಗುವಂತಿತ್ತು. ಮತ್ತೊಮ್ಮೆ ಹೇಳಿ ನೋಡಿದ. ಎರಡನೆಯ ಸಲಕ್ಕೆ, ಅವನೊಳಗೆ ಸದಾ ಎಚ್ಚರವಾಗಿರುವ ಇನ್ನೊಬ್ಬ, ಮಸೂರವನ್ನು ಬೆಳಕಿಗೆ ಹಿಡಿದು ತಿರುಗಿಸುವಂತೆ ಆ ಮಾತನ್ನು ತಿರುಗಿಸಿ ನೋಡಿದ. ಆ ಇನ್ನೊಬ್ಬನಿಗೆ ಏನು ಕಂಡಿತೆಂದು ಇವನು ಕೇಳಲಿಲ್ಲ. ಬೇರೆ ಮಾತು ಹುಡುಕಲೂ ಇಲ್ಲ. ನಾನು ಹೌದು ಎಂದೆ ಎನ್ನಬಹುದಿತ್ತು. ಅದೂ ಮೂರೇ ಶಬ್ದ.

ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಅವನ ಪಕ್ಕದಲ್ಲಿ ನಿಂತಳು. "ಹೆಣ್ಣು," ಎಂದಳು ಸಂತೋಷದಿಂದ. ಕೆಳಗಿನಿಂದ ಒಬ್ಬಳು, "ಅವತ್ತು ಹೇಗೆ ಕೂಗಿದ್ರೋ ಹಾಗೇ ಇನ್ನೊಂದ್ಸಲ ಕೂಗಿ ಸಾರ್, ನಾವೂ ಕೇಳೋಣ!" ಎಂದಳು. ಉಳಿದವರು ಹೋ ಎಂದರು. ಅವನು ಮೈಕು ಹಿಡಿದ. ಮೈಕು ಕೀರಲು ಸದ್ದು ಮಾಡಿತು. ಜನ ಸುಮ್ಮನಾದರು.

"ಆ ದನಿ," ಎಂದ. "ಆ ದನಿ ನನ್ನದಲ್ಲ."

ಅವನು ಅಕ್ಕನ ಕಡೆ ನೋಡಿದ. ಅವಳ ಮುಖದ ಮೇಲಿನ ಸಂತೋಷ ಇದ್ದಲ್ಲೇ ನಿಂತಿತು. ಹುಬ್ಬುಗಳು ಮಾತ್ರ ಮೆಲ್ಲಗೆ ಕೂಡಿಕೊಂಡವು. ಅವಳಿಗೆ ತಿಳಿಯಿತು. ಹೇಳಿದ್ದನ್ನು ಹೇಳಿದಷ್ಟೇ ಅರ್ಥಕ್ಕೆ ಅವಳೊಬ್ಬಳು ತೆಗೆದುಕೊಂಡಳು. ಅಷ್ಟರಲ್ಲಿ ಕೆಳಗಿನಿಂದ ಒಂದು ಗಂಡು ದನಿ, "ಅದು ನಿಮ್ದಲ್ಲ ಸಾರ್, ನಮ್ದು! ನಮ್ಮೆಲ್ರ ದನಿ!" ಎಂದಿತು. ಆ ಮಾತಿಗೇ ಕಾದಿದ್ದವರಂತೆ ಜನ ಭೋರೆಂದರು. ನಮ್ಮ ದನಿ, ನಮ್ಮ ದನಿ ಎಂದು ಚಪ್ಪಾಳೆ ಹೊಡೆದರು. ಕೂಸುಗಳು ಬೆದರಿ ಅತ್ತವು. ಎಂಥ ಮಾತು ಆಡಿದ್ರಪ್ಪಾ ಎಂದು ಮುಂದೆ ನಿಂತಿದ್ದ ಮುದುಕಿ ಕಣ್ಣೊರೆಸಿಕೊಂಡಳು. ಮೈಕು ಇನ್ನೂ ಅವನ ಕೈಯಲ್ಲೇ ಇತ್ತು. ಚಪ್ಪಾಳೆ ಇಳಿಯುವವರೆಗೆ ಕಾದು, ಅಲ್ಲ, ನಾನು ಹೇಳಿದ್ದು ಹಾಗಲ್ಲ ಎನ್ನುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಚಪ್ಪಾಳೆ ಇಳಿಯಿತು. ಜನ ಮುಖವೆತ್ತಿ ಕಾದರು. ಅವನು ಮೈಕಿಲ್ಲದ ಕೈಯನ್ನು ನಿಧಾನವಾಗಿ ಮೇಲಕ್ಕೆತ್ತಿ, ಅವರೆಲ್ಲರ ಕಡೆ ಬೀಸಿದ. ಚಪ್ಪಾಳೆ ಮೊದಲಿಗಿಂತ ಜೋರಾಯಿತು.

ಅಕ್ಕ ಚಪ್ಪಾಳೆ ತಟ್ಟಲಿಲ್ಲ. ಹತ್ತಿರ ಬಂದು ಅವನ ಬೆರಳುಗಳನ್ನು ಬಿಡಿಸಿ ಮೈಕನ್ನು ತೆಗೆದುಕೊಂಡಳು. ಅದನ್ನು ಮೈಕಿನವನ ಕೈಗಿತ್ತಳು. ಆ ಗದ್ದಲದಲ್ಲೂ ಅವಳ ದನಿ ಸ್ಪಷ್ಟವಾಗಿ ಕೇಳಿಸಿತು.

"ಚೆನ್ನಾಗಿ ಮಾತಾಡಿದ್ರಿ," ಎಂದಳು.

ಅವನು ಹಿಂದೆ ತಿರುಗಿ ನೋಡಿದ. ಬೇರೆ ಯಾರೊಂದಿಗೋ ಮಾತಾಡುತ್ತಿದ್ದಾಳೆ ಅಂದುಕೊಂಡ. ಹಿಂದೆ ಗೋಡೆಯಿತ್ತು.

"ಅಕ್ಕ..."

"ದಾರಿ ಬಿಡ್ರಮ್ಮ, ಸಾಹೇಬ್ರಿಗೆ ದಾರಿ ಬಿಡಿ," ಎಂದು ಅವಳು ಕೆಳಗಿನವರಿಗೆ ಹೇಳಿ, ಪಕ್ಕಕ್ಕೆ ಸರಿದು ನಿಂತಳು. "ಮೆಟ್ಟಿಲಿದೆ, ನೋಡ್ಕೊಂಡು ಇಳೀರಿ."